ಅತ್ತೆಯವರ ತಟ್ಟೆಗೆ ಇಟಲಿ ಸೊಪ್ಪು

ನಮ್ಮ ಅತ್ತೆಯವರು ಎರಡು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಕೋಲಾರದಲ್ಲಿ ಟೈಫಾಯ್ಡ್ ಬಂದು ವಾಸಿಯಾದ ಮೇಲೆ, ಚೇತರಿಸಿಕೊಳ್ಳಲೆಂದು ದೊಮ್ಮಲೂರಿನ ನಮ್ಮ ಮನೆಗೆ ಬಂದಿದ್ದರು. ಜ್ವರ ಹೋಯಿತು. ಹಸಿವು ವಾಪಸ್ ಬರಲಿಲ್ಲ. ನನ್ನ ಹೆಂಡತಿ ಶಾಂತಾ ಗಂಜಿ ಮಾಡಿದಳು, ತಿಳಿಸಾರು ಮಾಡಿದಳು, ಹತ್ತಿಯಂಥ ಇಡ್ಲಿ ಮಾಡಿದಳು. ಎರಡು ತುತ್ತು, ಆಮೇಲೆ ಅದೇ ಮಾತು. “ಸಾಕು ಬಿಡೇ, ಬಾಯಿಗೆ ಏನೂ ರುಚಿ ಹತ್ತಲ್ಲ.”

ಶಾಂತಾ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. (ಕೇಳಿದರೆ ಈರುಳ್ಳಿ ಎನ್ನುತ್ತಿದ್ದಳು. ಗಂಜಿಗೆ ಯಾರಾದರೂ ಈರುಳ್ಳಿ ಹೆಚ್ಚುತ್ತಾರೆಯೇ?)

ಕಳೆದ ಭಾನುವಾರ ಅವಳಿಗೆ ರಜೆ ಕೊಟ್ಟು ನಾನೇ ಸೌಟು ಹಿಡಿದೆ. ಇಟಲಿಯ ಅಜ್ಜಿಯೊಬ್ಬರು ರೈತರ ಮನೆಯ ಅಡುಗೆ ಮಾಡುವ ವಿಡಿಯೋ ನೋಡಿದ್ದೆ. ಸೊಪ್ಪು, ಕಾಳು, ಬೆಳ್ಳುಳ್ಳಿ, ಎಣ್ಣೆ, ಒಣಗಿದ ಬ್ರೆಡ್. ಅಷ್ಟೇ. ಇಂದಿರಾನಗರದ ಹೋಟೆಲಿನಲ್ಲಿ ಇದಕ್ಕೇ ನಾಲಿಗೆ ಹೊರಳದಂಥ ಹೆಸರಿರುತ್ತದೆ.

ಹಲಸೂರು ಮಾರ್ಕೆಟ್‌ನ ಸೊಪ್ಪಿನಾಕೆ ನನ್ನ ಚೀಲಕ್ಕೆ ಪಾಲಕ್ ಹಾಕುತ್ತಾ ಕೇಳಿದಳು, “ಏನ್ ಸಾರ್, ಮೇಡಮ್ ಊರಲ್ಲಿಲ್ವಾ?”

ಅಲಸಂದೆ ಕಾಳನ್ನು ಮೆತ್ತಗೆ ಬೇಯಿಸಿದೆ. ಆಲಿವ್ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಅದಕ್ಕೆ ಸೊಪ್ಪು. ಸೊಪ್ಪು ಬಾಡಿದ ಮೇಲೆ ಕಾಳು, ಕಾಳು ಬೆಂದ ನೀರು. ಮನೆಯೆಲ್ಲ ಘಮ.

ತಟ್ಟೆಯಲ್ಲಿ ಬ್ರೆಡ್ ಇಟ್ಟು, ಮೇಲೆ ಸುರಿದು, ಅತ್ತೆಯವರ ಮುಂದಿಟ್ಟೆ. ಅವರು ಗಾಬರಿಯಿಂದ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

“ಅಯ್ಯೋ, ನೀವ್ಯಾಕೆ ಅಳಿಯಂದ್ರೇ...”

ಮಗಳಿಗೆ ಬೇಡ ಎನ್ನಬಹುದು. ಅಳಿಯ ಬಡಿಸಿದ್ದನ್ನು ಬೇಡ ಎನ್ನುವುದು ಹೇಗೆ? ಮರ್ಯಾದೆಗೆಂದು ಒಂದು ತುತ್ತು ತಿಂದರು. ಮತ್ತೊಂದು. ಮಗದೊಂದು. ತಟ್ಟೆ ಬರಿದಾದಾಗ ತಲೆಯೆತ್ತಿದರು.

“ಇದೇನಿದು?”

“ಇಟಲಿ ರೈತರ ಊಟ, ಅತ್ತೆ.”

“ಬಸ್ಸಾರು ಮಾಡಕ್ ಹೋಗಿ ಬಸಿಯೋದನ್ನೇ ಮರ್ತಿದಾರೆ, ಪಾಪ,” ಎಂದು ತಟ್ಟೆ ಮುಂದಕ್ಕೆ ತಳ್ಳಿದರು. “ಇನ್ನೊಂಚೂರು ಹಾಕಿ.”

ಬಾಗಿಲಲ್ಲಿ ನಿಂತಿದ್ದ ಶಾಂತಾ ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಪಾತ್ರೆ ತೊಳೆಯುವಾಗ ಮಾತ್ರ ಮೆಲ್ಲಗೆ ಚುಚ್ಚಿದಳು. “ನನ್ನ ಅಡುಗೆಗೆ ಎರಡು ತುತ್ತು, ನಿಮ್ಮದಕ್ಕೆ ಎರಡು ತಟ್ಟೆ. ಅಮ್ಮ ಹುಷಾರಾಗೋವರೆಗೂ ನೀವೇ ಮಾಡ್ಬಿಡಿ ರೀ.”

ಅದರ ಅಗತ್ಯ ಬೀಳಲಿಲ್ಲ. ಬಾಯಿ ರುಚಿ ಮರಳಿತ್ತು. ಸೋಮವಾರ ಶಾಂತಾ ಮಾಡಿದ ಮುದ್ದೆ, ಬಸ್ಸಾರನ್ನು ಅತ್ತೆಯವರು ತೃಪ್ತಿಯಾಗಿ ಉಂಡರು. ಆದರೆ ಕೋಲಾರದ ನೆಂಟರೆಲ್ಲ ಫೋನ್ ಮಾಡಿ ಹೊಗಳಿದ್ದು ನನ್ನನ್ನು. ನಾನೂ ಬೇಡ ಎನ್ನಲಿಲ್ಲ.

ಹೆಂಗಸರು ದಿನವೂ ಬೇಯಿಸಿ ಬಡಿಸಿದರೆ ಅದು ಬರೀ ಊಟ. ಗಂಡಸು ಒಂದು ದಿನ ಬಡಿಸಿದರೆ ಅದು ಹೀಗೆ ಪತ್ರಿಕೆಯ ಅಂಕಣವಾಗುವುದು ಏಕೆ?