ಬಾಣಂತಿ ನೀರಿಗೆ ಹೊಸ ಕಾಯಿಲ್

ಕೂಡ್ಲಿಗಿಯ ಶಿವಲೀಲಾ ಗ್ಯಾಸ್ ಒಲೆ ರಿಪೇರಿಗೆ ಇಳಿದು ಹದಿನಾಲ್ಕು ವರ್ಷ. ಗಂಡಸರು ಬಿಚ್ಚಿ ಕೈಚೆಲ್ಲಿದ ಒಲೆಗಳೂ ಅವಳ ಕೈಯಲ್ಲಿ ನೀಲಿಯಾಗಿ ಉರಿಯುತ್ತಿದ್ದವು. ಗೀಸರ್ ಕೆಲಸವನ್ನೂ ಹೊಸಪೇಟೆಗೆ ಹೋಗಿ ಕಲಿತು ಬಂದಿದ್ದಳು, ಸ್ಕೂಟಿಯ ಮೇಲೆ ಬರೆಸಿದ್ದಳು. ಬರೆಸಿದ್ದೇ ಬಂತು, ಒಬ್ಬರೂ ಕರೆಯಲಿಲ್ಲ.

ಕೊನೆಗೆ ಮೊದಲ ಕರೆ ಬಂದದ್ದು ತವರೂರು ಕಾನಹೊಸಹಳ್ಳಿಯ ಓಬಮ್ಮನಿಂದ. ಓಬಮ್ಮನ ಮಗಳು ಯಶೋಧಾ ಹೆತ್ತು ಒಂಬತ್ತು ದಿನ. ಬಾಣಂತಿಗೆ ಹೊಗೆ ತಾಗದಿರಲೆಂದು ಹಾಕಿಸಿದ ಗ್ಯಾಸ್ ಗೀಸರಿನಿಂದ ನೀರು ಸೋರತೊಡಗಿತ್ತು. ನೀರೆರೆಯುವ ಈರಕ್ಕ ಹನ್ನೊಂದು ಗಂಟೆಗೆ ಬರುವವಳು. ಅವಳು ಒಪ್ಪಿದರೆ ಸುತ್ತಲ ಬಾಣಂತಿ ಮನೆಗಳಿಗೆಲ್ಲ ಶಿವಲೀಲಾಳ ಹೆಸರು ಹೋಗುತ್ತದೆ. ಒಪ್ಪದಿದ್ದರೆ ಇನ್ನೂ ಬೇಗ ಹೋಗುತ್ತದೆ.

ಹಿತ್ತಲ ಗೋಡೆಯ ಗೀಸರಿನ ಮುಚ್ಚಳ ತೆಗೆದ ಶಿವಲೀಲಾಗೆ ನಗು ತಡೆಯಲಾಗಲಿಲ್ಲ. ಉರಿಯ ಶಾಖವನ್ನು ನೀರಿಗೆ ದಾಟಿಸುವ ತಾಮ್ರದ ಕಾಯಿಲ್ ದೇವರ ತಂಬಿಗೆಯಂತೆ ಥಳಥಳ ಹೊಳೆಯುತ್ತಿತ್ತು. ಕೊಳವೆಯಲ್ಲಿ ಮಾತ್ರ ತೂತು.

“ಅಕ್ಕಾ, ಇದನ್ನ ತಿಕ್ಕಿದವ್ರು ಯಾರ್ರಿ?”

“ನಾನ ತಿಕ್ಕಿದ್ದು. ಮಸಿ ಹಿಡಿದಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ, ಸಂದಿಗೆ ಚಾಕು ಹಾಕಿ ಕೆರೆದೀನಿ. ನಮ್ಮ ಮನ್ಯಾಗ ತಾಮ್ರ ಕಪ್ಪಗಿರಬಾರ್ದು ನೋಡು.”

“ಚಲೋ ಕೆರೆದೀರಿ. ಹೊಸದು ಹಾಕೋ ಮಟ ಕೆರೆದೀರಿ.”

ಸಿಲಿಂಡರ್ ಬಂದ್ ಮಾಡಿ, ನೀರು ನಿಲ್ಲಿಸಿ, ನಟ್ಟು ಬಿಚ್ಚಿ ಹಳೆಯ ಕಾಯಿಲ್ ಇಳಿಸಿದಳು. ತಿಂಗಳುಗಟ್ಟಲೆ ಡಿಕ್ಕಿಯಲ್ಲೇ ಕಾದಿದ್ದ ಹೊಸದು ಸರಿಯಾಗಿ ಕೂತಿತು. ಅಷ್ಟರಲ್ಲಿ ಈರಕ್ಕ ಬಂದು ಕಲ್ಲಿನ ಮೇಲೆ ಕೂತಳು. “ಗಂಡಾಳು ಯಾರೂ ಸಿಗಲಿಲ್ಲೇನು?” ಎಂದು ಓಬಮ್ಮನನ್ನು ಕೇಳಿದಳು.

ಶಿವಲೀಲಾ ನೀರು ಬಿಟ್ಟಳು. ಜೋಡಣೆಯ ಬಳಿ ಟಪ್ಪೆಂದು ಒಂದು ಹನಿ. ಈರಕ್ಕನ ಹುಬ್ಬು ಮೇಲೇರಿತು. ಚೆನ್ನಾಗೇ ಇದೆಯಲ್ಲ ಎಂದು ಶಿವಲೀಲಾ ಹಳೆಯ ವಾಷರನ್ನೇ ಹಾಕಿದ್ದಳು, ಜಿಪುಣಿ. ತನ್ನನ್ನೇ ಬೈದುಕೊಂಡು ಹೊಸದು ಹಾಕಿ ಬಿಗಿದಳು. ಹನಿ ನಿಂತಿತು. ಗ್ಯಾಸಿನ ಕೊಳವೆಗೆ ಸಾಬೂನು ನೊರೆ ಹಚ್ಚಿ ನೋಡಿದಳು, ಒಂದು ಗುಳ್ಳೆಯೂ ಏಳಲಿಲ್ಲ. ಉರಿ ಭುಗ್ಗೆಂದು ಹತ್ತಿತು.

ಈರಕ್ಕ ಬಕೀಟಿನ ಬಿಸಿನೀರಿಗೆ ಕೈ ಅದ್ದಿ ಸರಕ್ಕನೆ ತೆಗೆದಳು. ಬಾಣಂತಿಯನ್ನು ಕರೆದಳು.

ಯಶೋಧಾ ಮಿಂದು ಕಂಬಳಿ ಹೊದ್ದು ಮಲಗಿದ ಮೇಲೆ, ಸಾಮಾನು ಕಟ್ಟುತ್ತಿದ್ದ ಶಿವಲೀಲಾ ಸೊಂಟ ಹಿಡಿದುಕೊಂಡು ಎದ್ದಳು.

“ಯಾವಾಗಿಂದ ನೋಯ್ತೈತಿ?” ಎಂದಳು ಈರಕ್ಕ.

“ಹಡೆದಾಗಿಂದ. ಅವ್ವ ಇರ್ಲಿಲ್ಲಲ್ಲ, ನೀರು ಎರೆಯೋರು ಯಾರು? ತಿಂಗಳಿಗೇ ಪಾನಾ ಹಿಡಿದು ರಿಪೇರಿಗೆ ಹೊಂಟೆ.”

“ನೀ ಹುಟ್ಟಿದಾಗ ಕಾಲ ಮ್ಯಾಲ ಹಾಕ್ಕೊಂಡು ನಿನಗ ಎರೆದಾಕಿ ನಾನು. ಬಾ, ಕುಂದ್ರು.”

ಶಿವಲೀಲಾ ಬೇಡ ಬೇಡವೆನ್ನುತ್ತಲೇ ಬಚ್ಚಲಿನ ಕಲ್ಲಿನ ಮೇಲೆ ಕೂತಳು. ಮೊದಲ ಚೆಂಬು ಬೆನ್ನಿಗೆ ಬೀಳುತ್ತಲೇ ಚೀರಿದಳು, ಆಮೇಲೆ ನಕ್ಕಳು, ನಗುತ್ತಲೇ ಅತ್ತಳು. ಹನ್ನೊಂದು ವರ್ಷ ತಡವಾಗಿ ಬಂದ ನೀರು, ಅದೂ ತಾನೇ ಕಾಯಿಸಿದ್ದು. ಎಷ್ಟು ಸುಖವಾಗಿತ್ತು!

“ನಾಳಿಗೆ ಮಂಜಮ್ಮನ ಮನಿಗೆ ಬಾ, ಅಲ್ಲೂ ಬಾಣಂತಿ ಅದಾಳ, ಗೀಸರ್ ಕೆಟ್ಟೈತಿ,” ಎನ್ನುತ್ತಾ ಈರಕ್ಕ ಎರಡನೇ ಚೆಂಬು ಸುರಿದಳು.