ನಿಧಾನದ ನಾಯಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಡಬಡಬಿ ಎಂದೇ. ಹಾಸಿಗೆಯ ಬೆಡ್‌ಶೀಟು ಮಡಚುವಾಗ ‘ಡಬ ಡಬ ಡಿಶ್’ ಎಂದು ಬಾಯಲ್ಲೇ ಡ್ರಮ್ ಬಾರಿಸುತ್ತಿದ್ದಳು. ಆ ಸದ್ದಿಗೆ ಸರಿಯಾಗಿ ಕೈ ಓಡುತ್ತಿತ್ತು. ಮೊದಲ ಡಬಕ್ಕೆ ಮೂಲೆಗೆ ಮೂಲೆ ಸೇರಬೇಕು, ಎರಡನೆಯದಕ್ಕೆ ಅರ್ಧ ಮಡಿಕೆ, ಡಿಶ್ ಎನ್ನುವಷ್ಟರಲ್ಲಿ ಬೆಡ್‌ಶೀಟು ರಾಶಿಯ ಮೇಲೆ ಬಿದ್ದಿರಬೇಕು. ತಲೆ ಅರ್ಧ ನರೆತಿದೆ, ಮೊಮ್ಮಗಳು ಬೇರೆ ಇದ್ದಾಳೆ, ಇವಳಿಗೇನು ರಾಕ್ ಸಂಗೀತದ ಹುಚ್ಚು ಎಂದು ಆಡಿಕೊಳ್ಳುವವರು ಆಡಿಕೊಂಡರು. ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಹುಚ್ಚು ವಯಸ್ಸು ಕೇಳಿ ಹಿಡಿಯುವುದಾದರೆ ಲೋಕದಲ್ಲಿ ಅರ್ಧ ಜನ ಸರಿಯಾಗಿಯೇ ಇರುತ್ತಿದ್ದರು.

ಈ ಹುಚ್ಚು ಹಿಡಿಸಿದವನು ಅವಳ ಅಣ್ಣ. ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ಅವನಿಗೆ ಕೆಲಸ. ಮೊದಲ ಸಂಬಳದಲ್ಲಿ ಒಂದು ಟೇಪ್ ರೆಕಾರ್ಡರನ್ನೂ ದೂರದೇಶದ ಒಂದು ಬ್ಯಾಂಡಿನ ಕ್ಯಾಸೆಟ್ಟನ್ನೂ ತಂದಿದ್ದ. ಆ ಭಾಷೆ ಅಣ್ಣ ತಂಗಿ ಇಬ್ಬರಿಗೂ ಬಾರದು. ಆಲ್ಬಮ್ಮಿನ ಹೆಸರು ಓದಲೂ ಬಾರದು. ಅದಕ್ಕಾಗಿ ಕೊರಗುತ್ತ ಕೂರದೆ, ಅದಕ್ಕೂ ಆಮೇಲೆ ಒಂದೊಂದಾಗಿ ಬಂದವಕ್ಕೂ ಮೇಲಿನ ಚಿತ್ರ ನೋಡಿ ತಾವೇ ಹೆಸರಿಟ್ಟರು. ಮೊದಲನೆಯದು ಕುರ್ಚಿ, ಎರಡನೆಯದು ಸೇತುವೆ, ಮೂರನೆಯದು ನಾಯಿ. ನಾಲ್ಕನೆಯದರ ಮೇಲೆ ಚಿತ್ರವೇ ಇರಲಿಲ್ಲ, ಬರೀ ಬಿಳಿ. ಅದಕ್ಕೆ ಬೆಡ್‌ಶೀಟು ಎಂದು ಹೆಸರಿಟ್ಟವಳು ತಂಗಿ. ಅಣ್ಣನಿಗೆ ಸೇತುವೆಯೇ ಸರ್ವಸ್ವ, ಅವಳಿಗೆ ನಾಯಿ. ಲಾಂಡ್ರಿಯಲ್ಲಿ ಅವಳು ಬಾರಿಸುತ್ತಿದ್ದ ಡಬಡಬವೂ ನಾಯಿಯ ಮೊದಲ ಹಾಡಿನದೇ. ಯಾವುದು ಮೇಲು ಎಂಬ ಜಗಳ ಬರುಬರುತ್ತ ಊಟದ ತಟ್ಟೆಯಷ್ಟೇ ಮಾಮೂಲಾಯಿತು.

ಅವರಿಗೊಂದು ಕಟ್ಟಳೆ ಇತ್ತು. ಹೊಸ ಆಲ್ಬಮ್ ಬಂದರೆ ಒಬ್ಬರೇ ಕೇಳಕೂಡದು. ಇಬ್ಬರೂ ಎದುರುಬದುರು ಕೂರಬೇಕು, ಒಂದು ಸೈಡ್ ಮುಗಿಯುವ ತನಕ ತುಟಿ ಪಿಟ್ಟೆನ್ನಕೂಡದು. ಮುಗಿದಾಗ ಎದ್ದು ಕ್ಯಾಸೆಟ್ ತಿರುಗಿಸುವ ಕೆಲಸ ಚಿಕ್ಕವಳದ್ದು. ಬೆಡ್‌ಶೀಟು ಬಂದಾಗ ಅವಳು ಹಸುಗೂಸನ್ನೆತ್ತಿಕೊಂಡು ಅಣ್ಣನ ಮನೆಗೆ ಓಡಿ ಬಂದಿದ್ದಳು. ಮಗು ಅತ್ತೀತೆಂದು ಅತ್ತಿಗೆ ಅದನ್ನೆತ್ತಿಕೊಂಡು ಬೀದಿಯುದ್ದಕ್ಕೂ ತಿರುಗಿದ್ದಳು. ಇಂಥ ಮನೆಗೆ ಯಾಕಾದರೂ ಸೊಸೆಯಾಗಿ ಬಂದೆನೋ ಎಂದು ಅತ್ತಿಗೆ ಇಂದಿಗೂ ಆಗಾಗ ಹೇಳುತ್ತಾಳೆ.

ಡಿಸ್ಕಿನ ಕಾಲ ಬಂದಾಗ ಆದ ಫಜೀತಿಯನ್ನೂ ಹೇಳಬೇಕು. ಆಸೆಪಟ್ಟು ನಾಯಿಯನ್ನು ಡಿಸ್ಕಿನಲ್ಲಿ ಕೊಂಡು ತಂದು ಹಾಕಿದರೆ ಹಾಡುಗಾರ ಎಲ್ಲಿಗೋ ಓಡುತ್ತಿದ್ದ. ದನಿ ತೆಳ್ಳಗೆ, ಕೀಚಲು. ಅಣ್ಣ ತಂಗಿ ಇಬ್ಬರೂ ಅಂಗಡಿಗೆ ಹೋಗಿ ಇದು ನಕಲಿ ಎಂದು ಜಗಳಕ್ಕೆ ನಿಂತರು. ಅಂಗಡಿಯವನು ತಾಳ್ಮೆಯಿಂದ ಇನ್ನೊಂದು ಹಾಕಿ ಕೇಳಿಸಿದ. ಅದೂ ನಕಲಿಯೇ ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಅವನು ಸುಸ್ತಾಗಿ, ನಿಮ್ಮ ಮನೆಯ ಟೇಪ್ ರೆಕಾರ್ಡರ್ ನಿಧಾನ ಓಡುತ್ತಿರಬಹುದು ನೋಡಿ ಎಂದ. ನಿಜವಾಗಿತ್ತು. ಒಳಗಿನ ಬೆಲ್ಟು ಎಂದೋ ಸಡಿಲವಾಗಿ, ಇಷ್ಟು ವರ್ಷ ಅವರು ಕೇಳಿದ್ದೆಲ್ಲ ನಿಧಾನದ, ದಪ್ಪ ದನಿಯ ಹಾಡು. ವಾಪಸು ಬಂದ ಅಣ್ಣ ಮನೆಯ ಬಾಗಿಲಲ್ಲಿ ನಿಂತು, “ಅವರ ನಾಯಿ ಅವರಿಗಿರ್ಲಿ. ನಮ್ಮದು ನಿಧಾನದ ನಾಯಿ” ಎಂದ. ಡಿಸ್ಕು ಬೀರುವಿನ ಪಾಲಾಯಿತು.

ಆಮೇಲೆ ವರ್ಷಗಳು ಉರುಳಿದವು. ಬ್ಯಾಂಡು ಹೊಸದೇನನ್ನೂ ತರಲಿಲ್ಲ. ಟೇಪ್ ರೆಕಾರ್ಡರ್ ಕೆಟ್ಟು ಅಟ್ಟ ಸೇರಿತು. ಯಂತ್ರದ ಹೊಡೆತಕ್ಕೆ ಅಣ್ಣನ ಕಿವಿಯೂ ಹೋಗುತ್ತ ಬಂತು. ಮೊದಲು ಹೋದದ್ದು ತೆಳ್ಳನೆಯ ಸದ್ದುಗಳು: ಹಕ್ಕಿ, ಕುಕ್ಕರಿನ ಸೀಟಿ, ಮಕ್ಕಳ ಮಾತು. ಎದುರು ಕೂತು ಗಟ್ಟಿಯಾಗಿ ಮಾತಾಡಿದರೆ ಮಾತ್ರ ತಿಳಿಯುತ್ತಿತ್ತು. ಉಳಿದಿರುವುದೂ ದಿನೇದಿನೇ ಇಳಿಯುತ್ತದೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ತಟ್ಟೆ ಇಟ್ಟ ಸದ್ದೂ ಗುಡುಗು ಎಂದು ಅವನು ಡ್ರಾಯರಿಗೆ ಎಸೆದ.

ಅಂಥ ಹೊತ್ತಿನಲ್ಲಿ ಬ್ಯಾಂಡು ಹೊಸ ಆಲ್ಬಮ್ ತರುತ್ತಿದೆ ಎಂಬ ಸುದ್ದಿ ಬಂತು. ಅವಳು ಕೆಲಸ ಮುಗಿಸಿ ನೇರ ಅಣ್ಣನ ಮನೆಗೇ ಹೋದಳು. ರುಚಿ ತೋರಿಸಲೆಂದು ಫೋನಿನಲ್ಲಿ ಸೇತುವೆಯನ್ನು ಹಾಕಿದಳು. ಅಣ್ಣ ಸ್ಪೀಕರಿಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳಿದ. ಮುಖ ಸಣ್ಣದಾಯಿತು.

“ಯಾರೋ ಮರಳು ಜರಡಿ ಹಿಡೀತಿದ್ದಾರೆ ಅನ್ಸುತ್ತೆ. ಹಾಡುಗಾರನೇ ಇಲ್ಲ. ನನಗೆ ಹಾಡು ಮುಗೀತು ಕಣೇ. ಹೊಸದು ಬಂದ್ರೆ ನೀನೊಬ್ಳೇ ಕೇಳು.”

“ಒಬ್ಳೇ ಕೇಳಲ್ಲ.”

“ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಬಂತು?”

“ಕೋಣ ಸುಮ್ನೆ ಕೂತ್ಕೊಂಡ್ರೆ ಸಾಕು” ಎಂದು ಗಟ್ಟಿಯಾಗಿ ಹೇಳಿ ಎದ್ದು ಬಂದಳು. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಆದರೆ ಅಳುತ್ತ ಕೂರುವ ಜಾತಿಯವಳಲ್ಲ ಅವಳು. ಅವನು ಕೇಳಲಾರದೆ ಹೋದದ್ದು ತೆಳ್ಳನೆಯ, ಓಡುವ ಸೇತುವೆಯನ್ನು. ಅದು ಅಂಗಡಿಯವರ ಸೇತುವೆ. ತಮ್ಮದು ಅದಲ್ಲ. ದಪ್ಪ ದನಿಯ ಆ ಹಳೆಯ ಟೇಪ್ ಡಬ್ಬಿಯಲ್ಲಾದರೆ ಅವನಿಗೆ ಏನಾದರೂ ದಕ್ಕೀತು. ಇರುವಷ್ಟು ಕಿವಿ ಇರುವಾಗಲೇ ದಕ್ಕಬೇಕು.

ಹೊಸ ಆಲ್ಬಮ್ ಕ್ಯಾಸೆಟ್ಟಿನಲ್ಲೂ ಬರುತ್ತದೆಂದು ತಿಳಿದು ಅವಳು ಆಗಲೇ ತರಿಸಲು ಹೇಳಿದಳು. ಅದು ಕೈಸೇರುವ ಮೊದಲೇ ಹಾಡುಗಳು ಎಲ್ಲರ ಫೋನಿಗೂ ಬಂದವು. ಲಾಂಡ್ರಿಯ ಹುಡುಗಿಯರು ಬೇಕೆಂದೇ ಹಾಕಿ ಅವಳನ್ನು ಕೆಣಕಿದರು. ಅವಳು ಆಸ್ಪತ್ರೆಯ ಹತ್ತಿಯನ್ನೇ ಕಿವಿಗೆ ತುರುಕಿಕೊಂಡು ಬೆಡ್‌ಶೀಟು ಮಡಚಿದಳು. ಕ್ಯಾಸೆಟ್ ಬಂದಾಗ ಮೇಲೆ ಏಣಿಯ ಚಿತ್ರವಿತ್ತು. ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಚೀಲದ ತಳಕ್ಕೆ ಹಾಕಿದಳು.

ಅಟ್ಟದಿಂದ ಇಳಿಸಿದ ಟೇಪ್ ರೆಕಾರ್ಡರನ್ನು ರೇಡಿಯೊ ರಿಪೇರಿ ಅಂಗಡಿಗೆ ಕೊಟ್ಟಾಗಿತ್ತು. ತರಲು ಹೋದರೆ ರಿಪೇರಿಯವನು ಹೆಮ್ಮೆಯಿಂದ ಗುಂಡಿ ಒತ್ತಿದ. ಒಳಗೇ ಉಳಿದಿದ್ದ ಹಳೆಯ ಕ್ಯಾಸೆಟ್ಟಿನ ನಾಯಿ ಬಾಣದಂತೆ ಓಡಿತು.

“ಹೊಸ ಬೆಲ್ಟು ಹಾಕಿದೀನಮ್ಮ. ಕಂಪನಿಯಿಂದ ಬಂದಾಗ ಇದ್ದ ಹಾಗೇ ಓಡುತ್ತೆ.”

ಅವಳು ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು. “ಹಳೇ ಬೆಲ್ಟೆಲ್ಲಿ?”

“ಮುಟ್ಟಿದ್ರೆ ಅಂಟು ಅಂಟು. ಕಸಕ್ಕೆ ಹಾಕ್ದೆ.”

“ಹಾಗಾದ್ರೆ ಇದನ್ನೇ ಕೆಡಿಸಿಕೊಡಿ.”

ಅವನು ಕನ್ನಡಕ ತೆಗೆದು ಅವಳನ್ನು ನೋಡಿದ. “ರಿಪೇರಿ ಮಾಡಿಕೊಡಿ ಅಂತ ಬರೋರನ್ನ ನೋಡಿದೀನಿ. ಕೆಡಿಸಿಕೊಡಿ ಅಂದೋರು ನೀವೇ ಮೊದಲು.”

ಅವಳು ಅಣ್ಣನ ವಿಷಯವನ್ನೆಲ್ಲ ಹೇಳಿದಳು. ಅವನು ತಲೆ ಕೆರೆದುಕೊಂಡ. ಮೋಟಾರಿನಲ್ಲಿ ವೇಗದ ತಿರುಪೊಂದು ಇದೆ, ನಿಧಾನ ಮಾಡಬಹುದು, ಆದರೆ ಎಷ್ಟು ನಿಧಾನ ಎಂದು ಗೊತ್ತಾಗುವುದು ಹೇಗೆ ಎಂದ. ಅವಳು ಚೀಲದಿಂದ, ಹರಿದ ಅಂಚು ಹೊಲಿಯಲು ಮನೆಗೆ ಒಯ್ಯುತ್ತಿದ್ದ ಲಾಂಡ್ರಿಯ ಬೆಡ್‌ಶೀಟೊಂದನ್ನು ತೆಗೆದಳು. ಕಿವಿ ಮರೆತಿರಬಹುದು, ಕೈ ಮರೆತಿರಲಿಲ್ಲ.

“ನೀವು ತಿರುಪು ತಿರುಗಿಸಿ. ನಾನು ಮಡಚ್ತೀನಿ.”

ನಾಯಿ ಮತ್ತೆ ಶುರುವಾಯಿತು. ಡಬ ಎಂದಿತು, ಅವಳ ಕೈಯಲ್ಲಿ ಮೂಲೆಗಳು ಇನ್ನೂ ಸೇರಿರಲಿಲ್ಲ. “ಇಳಿಸಿ” ಎಂದಳು. ಇನ್ನೊಮ್ಮೆ. ಈಗ ಮಡಿಕೆ ಮುಗಿದರೂ ಡಿಶ್ ಬರಲಿಲ್ಲ. “ಹೆಚ್ಚಾಯ್ತು, ಕೂದಲೆಳೆಯಷ್ಟು ಏರಿಸಿ.” ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಮರ್ಯಾದೆಗೆ ಅಂಜಿ ಕೆಲಸ ಕೆಡಿಸಿಕೊಳ್ಳುವ ಹೆಂಗಸಲ್ಲ ಅವಳು. ಮಡಚಿದಳು, ಕೊಡವಿದಳು, ಮತ್ತೆ ಮಡಚಿದಳು. ರಿಪೇರಿಯವನಿಗೂ ಹಠ ಹತ್ತಿತು. ಬೆವರೊರೆಸಿಕೊಂಡು ತಿರುಪನ್ನು ಅತ್ತ ಇತ್ತ ಆಡಿಸುತ್ತ ಹೋದ. ಕೊನೆಗೊಮ್ಮೆ ಡಿಶ್ ಎಂಬ ಸದ್ದಿಗೂ ಬೆಡ್‌ಶೀಟು ಮೇಜಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಅದೇ ದಪ್ಪ ದನಿ ಅಂಗಡಿ ತುಂಬಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

“ಇದೇ. ಇನ್ನು ಮುಟ್ಟಬೇಡಿ.”

ಮರುದಿನವೇ ಅಣ್ಣನ ಮನೆಯ ಮೇಜಿನ ಮೇಲೆ ಡಬ್ಬಿ ಕೂತಿತು. ಅಣ್ಣ ಬೇಡ ಬೇಡವೆಂದ. ಅತ್ತಿಗೆ ಅವನನ್ನು ಭುಜ ಹಿಡಿದು ಕೂರಿಸಿ, ಕಿಟಕಿ ಮುಚ್ಚಿ, ತಾನೂ ಬಾಗಿಲಿಗೊರಗಿ ನಿಂತಳು. ಅಣ್ಣನ ಕಣ್ಣೆದುರೇ ಪ್ಲಾಸ್ಟಿಕ್ ಹರಿದು, ಕ್ಯಾಸೆಟ್ ಹಾಕಿ, ಅವಳು ಗುಂಡಿ ಒತ್ತಿದಳು.

ಅವನು ಮೊದಲು ನೆಲ ನೋಡುತ್ತ ಕೂತಿದ್ದ. ಆಮೇಲೆ ಕಣ್ಣು ಮುಚ್ಚಿದ. ಕೈ ಮೊಣಕಾಲಿನ ಮೇಲೆ ಬಿದ್ದೇ ಇತ್ತು. ಬೆರಳಾದರೂ ಆಡೀತೇ ಎಂದು ಅವಳು ಕಾದಳು. ಆಡಲಿಲ್ಲ. ಒಮ್ಮೆ ಹುಬ್ಬು ಗಂಟಿಕ್ಕಿದ, ಒಮ್ಮೆ ತಲೆ ವಾರೆ ಮಾಡಿದ. ಕಟ್ಟಳೆಯಂತೆ ಯಾರೂ ಮಾತಾಡಲಿಲ್ಲ. ಸೈಡ್ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

“ಒಂದು ಮಾತೂ ಅರ್ಥ ಆಗ್ಲಿಲ್ಲ ಕಣೇ” ಎಂದ ಅಣ್ಣ.

ಅವಳ ಜೀವವೇ ಬಾಯಿಗೆ ಬಂತು. ಆದರೂ ಬಾಯಿ ಸುಮ್ಮನಿರಲಿಲ್ಲ. ಮುಂದಕ್ಕೆ ಬಾಗಿ ಗಟ್ಟಿಯಾಗಿ ಕೇಳಿದಳು: “ಅಣ್ಣಾ, ಮೊದಲು ಯಾವತ್ತು ಅರ್ಥ ಆಗಿತ್ತು?”

ಅವನು ಅವಳನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆಯೂ ನಕ್ಕಳು. ನಗು ನಿಂತ ಮೇಲೆ ಕಣ್ಣೊರೆಸಿಕೊಳ್ಳುತ್ತ ಹೇಳಿದ:

“ಅವನಿಗೂ ವಯಸ್ಸಾಯ್ತು ಪಾಪ. ಮೂರನೇ ಹಾಡಲ್ಲಿ ಮೇಲೆ ಹತ್ತೋಕೆ ಹೋಗಿ ಗಂಟಲು ಜಾರಿತು. ಮುಚ್ಚಿಡದೆ ಹಾಗೇ ಬಿಟ್ಟಿದ್ದಾನೆ. ಕೇಳ್ದೆಯಾ?”

ಅವಳು ಕೇಳಿರಲಿಲ್ಲ. ಮೂರನೇ ಹಾಡನ್ನಷ್ಟೇ ಅಲ್ಲ, ಯಾವ ಹಾಡನ್ನೂ ಕೇಳಿರಲಿಲ್ಲ. ಇಷ್ಟು ವರ್ಷ ಕಾದ ಆಲ್ಬಮ್ಮಿನ ಒಂದಿಡೀ ಸೈಡ್ ಅವನ ಮುಖ ನೋಡುವುದರಲ್ಲೇ ಕಳೆದುಹೋಗಿತ್ತು. ಅವಳು ಎದ್ದು, ಕ್ಯಾಸೆಟ್ ತಿರುಗಿಸುವ ಬದಲು ಹಿಂದಕ್ಕೆ ಸುತ್ತುವ ಗುಂಡಿ ಒತ್ತಿದಳು.

“ಯಾಕೆ? ತಿರುಗಿಸೋದಲ್ವಾ?”

“ನಾನು ಕೇಳಿಲ್ಲ.”

“ಇಲ್ಲೇ ಕೂತಿದ್ದೆಯಲ್ಲೇ!”

“ಕೂತಿದ್ದೆ. ಕೇಳಿಲ್ಲ.”

ಅಣ್ಣ ಹೆಂಡತಿಯ ಕಡೆ ತಿರುಗಿ, “ಆ ಕಿವಿ ಯಂತ್ರ ಡ್ರಾಯರಿಂದ ತಂದು ಇವಳಿಗೆ ಕೊಡು” ಎಂದ. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಹಾಡು ಶುರುವಾಗುವುದನ್ನು ಕಾಯುತ್ತ ಕೂತ.