ಹಾಡಿಲ್ಲದ ಟ್ರ್ಯಾಕ್ಟರ್

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದಿಗೆ ಯಾರೂ ಕಿವಿ ಕೊಡುವುದಿಲ್ಲ. ಅದು ನಿಂತಾಗಲೇ ಎಚ್ಚರಾಗುವುದು. ಅಣ್ಣನ ಮಗಳು ತೀರಿಕೊಂಡ ಮೇಲಂತೂ ನನ್ನ ಜೀವವೆಲ್ಲ ಕಿವಿಯಲ್ಲೇ ಇದೆ. ಗೋಡೆಯಾಚೆ ಅಣ್ಣನ ಮಗ್ಗ ಖಟಾಖಟ್ ಎನ್ನುತ್ತಿದ್ದರೆ ಅಣ್ಣ ಮನೆಯಲ್ಲಿದ್ದಾನೆ, ಇನ್ನೂ ಯಾರನ್ನೂ ಕೊಂದಿಲ್ಲ ಎಂದು ಉಸಿರು ಬಿಡುತ್ತೇನೆ.

ಅವಳು ಶಾಲೆಯಿಂದ ಸೈಕಲ್ ಮೇಲೆ ಬರುತ್ತಿದ್ದಳು. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಬೆನ್ನಿಗೆ ಎರಡು ಟ್ರೇಲರ್. ಮುಂದಿನದು ತಗುಲಿ ಬಿದ್ದಳು. ರಸ್ತೆಯಲ್ಲಿದ್ದವರೆಲ್ಲ ‘ನಿಲ್ಲಸೋ, ನಿಲ್ಲಸೋ’ ಎಂದು ಗಂಟಲು ಹರಿದುಕೊಂಡರು. ಟೇಪು ಹಚ್ಚಿಕೊಂಡು ಹೊರಟಿದ್ದ ಡ್ರೈವರನಿಗೆ ಹಾಡಿನ ಅಬ್ಬರದಲ್ಲಿ ಏನೂ ಕೇಳಲಿಲ್ಲ. ಹಿಂದಿನ ಟ್ರೇಲರ್ ಅವಳ ಮೇಲೆ ಹಾಯ್ದು ಹೋಯಿತು.

ಅವನಿಗೆ ಜಾಮೀನು ಸಿಕ್ಕಿತು. ಈ ಹಂಗಾಮಿಗೆ ಮತ್ತೆ ಮಹಾಲಿಂಗಪುರದ ಕಡೆಯಿಂದ ಅದೇ ಟ್ರ್ಯಾಕ್ಟರ್, ಅದೇ ಹಾಡು. ಮಗ್ಗ ನಡೆಯುವಾಗ ಆ ಹಾಡು ನಮಗೆ ಕೇಳುತ್ತಿರಲಿಲ್ಲ. ಅದಕ್ಕೇ ಅಣ್ಣ ಊಟದ ಹೊತ್ತಿಗೂ ಮಗ್ಗ ನಿಲ್ಲಿಸುತ್ತಿರಲಿಲ್ಲ.

ಮಾತಾಡಿಸಲು ಬಂದವರು ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಉಣ್ಣುತ್ತಲೇ ಇದ್ದಾನಲ್ಲ ಆ ಡ್ರೈವರ್, ಖಾನಾವಳಿಯಲ್ಲಿ ಕೂತು ಹೊಟ್ಟೆ ತುಂಬ! ಒಂದು ದಿನ ಅಣ್ಣ ಮಗ್ಗದಿಂದ ಕಣ್ಣೆತ್ತದೆ, ‘ಅವನ್ನ ಕಡದ ಬಿಡ್ತೀನಿ’ ಎಂದ.

‘ಹುಚ್ಚ ಹಿಡದೈತೇನ ನಿನಗ? ಆಮ್ಯಾಲೆ ವೈನಿ ಗತಿ ಏನ?’ ಎಂದು ಅವನ ಹೆಂಡತಿಯ ನೆನಪು ಮಾಡಿ ಬೈದೆ. ಬುದ್ಧಿ ಹೇಳಿದ್ದು ಬಾಯಿ ಮಾತ್ರ. ಕಡಿದರೆ ತಪ್ಪೇನು ಎಂದು ಒಳಗೆ ಕುದಿಯುತ್ತಲೇ ಇತ್ತು. ಆದರೂ ಅವರ ಮನೆಯ ಕುಡಗೋಲು ತಂದು ನನ್ನ ಅಟ್ಟದ ಮೇಲೆ ಬಚ್ಚಿಟ್ಟೆ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ದೂರದಿಂದ ಹಾಡು ಕೇಳಿತು. ಉಣ್ಣುತ್ತಿದ್ದ ತಾಟು ಬಿಟ್ಟು ಅಣ್ಣನ ಮನೆಗೆ ಓಡಿದೆ.

ಅಣ್ಣ ಮಗ್ಗದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದ. ‘ನಾ ಇಲ್ಲೇ ಅದೀನಿ. ನಿಮ್ಮ ವೈನಿ ಎಲ್ಲಿ ಹೋದ್ಲ ನೋಡ ಮೊದಲ.’

ವೈನಿ! ಮಗಳು ಹೋದಾಗಿನಿಂದ ಮೂಲೆಯಲ್ಲಿ ನೂಲು ಸುತ್ತುತ್ತ ಕೂತಿರುತ್ತಿದ್ದ ವೈನಿಯ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ. ನಾವೆಲ್ಲ ಅಪ್ಪನನ್ನು ಕಾಯ್ದೆವು, ಅವ್ವನನ್ನು ಮರೆತೆವು.

ರಸ್ತೆಗೆ ಓಡಿದೆ. ವೈನಿ ನಡುರಸ್ತೆಯಲ್ಲಿ ನಿಂತಿದ್ದರು. ಖಾರ ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಿಂದ ಎದೆಮಟ್ಟ ಎತ್ತಿ ಹಿಡಿದಿದ್ದರು. ಟ್ರ್ಯಾಕ್ಟರ್ ಮಾರು ದೂರದಲ್ಲಿ ನಿಂತಿತ್ತು. ಡ್ರೈವರ್ ಕೆಳಗಿಳಿದು ಕೈ ಮುಗಿದುಕೊಂಡು ನಿಂತಿದ್ದ. ಹಿಂದೆ ಹಾಡು ನಡೆದೇ ಇತ್ತು.

ವೈನಿಯ ಕೈ ಹಿಡಿಯುವಷ್ಟು ಹತ್ತಿರ ಬಂದಿದ್ದೆ. ಹಿಡಿಯಲಿಲ್ಲ. ‘ಹಾಕ್ರಿ ವೈನಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವನ ತಲೆ ಒಡೆದರೆ ಮಗಳು ಬರುತ್ತಾಳೇನು ಎಂದು ಕೇಳುವವರಿದ್ದಾರೆ. ಬರುವುದಿಲ್ಲ, ನನಗೂ ಗೊತ್ತು. ಅಲ್ಲಿ ನಿಂತಾಗ ಮಾತ್ರ ಅದು ಪಾಪವೆಂದು ನನಗೆ ಅನಿಸಲೇ ಇಲ್ಲ. ಆ ಕಲ್ಲು ಬಿದ್ದಿದ್ದರೆ ಏನೂ ನೋಡಿಲ್ಲವೆಂದು ಕೋರ್ಟಿನಲ್ಲಿ ಪ್ರಮಾಣ ಮಾಡುತ್ತಿದ್ದೆ. ಅದನ್ನು ನೆನೆದರೆ ಈಗ ಭಯವಾಗುತ್ತದೆ.

ಅಷ್ಟರಲ್ಲಿ ಕರೆಂಟ್ ಬಂತು. ಮಗ್ಗಗಳೆಲ್ಲ ಮತ್ತೆ ಶುರುವಾದವು. ವೈನಿಯ ತುಟಿ ಅಲುಗಿದ್ದು ಕಂಡಿತು, ಮಾತು ನನಗೆ ಕೇಳಲಿಲ್ಲ. ಡ್ರೈವರ್ ಮೇಲೆ ಹತ್ತಿ ಟೇಪು ಬಂದ್ ಮಾಡಿ ಹೊರಟುಹೋದ. ವೈನಿ ಕಲ್ಲನ್ನು ರಸ್ತೆಯ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಮನೆಯ ದಾರಿ ಹಿಡಿದರು.

‘ಏನಂದ್ರಿ ಅವಗ?’

‘ಹಾಡ ಬಂದ್ ಮಾಡ ಅಂದೆ. ಮಂದಿ ಒದರಿದ್ರ ಕೇಳ್ಲಿ.’

ಈಗ ಅವನು ಹಾಡು ಹಚ್ಚುವುದಿಲ್ಲ. ವೈನಿ ದೊಡ್ಡ ಮನಸ್ಸು ಮಾಡಿದರೆಂದು ಓಣಿಯವರು ಹೊಗಳುತ್ತಾರೆ. ಅವರ ಹೊಗಳಿಕೆಗೆ ಬೆಂಕಿ ಬೀಳಲಿ. ಹಾಡಿಲ್ಲದೆ ಯಾವ ಟ್ರ್ಯಾಕ್ಟರ್ ಅವನದೆಂದು ಗೊತ್ತಾಗುವುದಿಲ್ಲ. ಅಣ್ಣನಿಗೆ ಈಗ ಎಲ್ಲವೂ ಅವನದೇ. ಗಳಿಗೆಗೊಮ್ಮೆ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆ ಸದ್ದು ನಿಂತ ಕೂಡಲೇ ನಾನೂ ಬಾಗಿಲಿಗೆ ಬರುತ್ತೇನೆ.

ಗುಂಡುಕಲ್ಲು ಇನ್ನೂ ರಸ್ತೆಯ ಬದಿಗೇ ಇದೆ. ಅಣ್ಣನಾಗಲಿ ವೈನಿಯಾಗಲಿ ಅದನ್ನು ಮನೆಗೆ ತಂದಿಲ್ಲ. ದಿನಾ ಅದರ ಮುಂದೆಯೇ ಹಾಯುತ್ತೇನೆ. ನಾನೂ ತಂದಿಲ್ಲ.